ಲಾಕಿನ ಬಾಯಿ

ಚೈನು-ಸ್ಪ್ರಾಕೆಟ್ ಸೆಟ್ಟು ತಂದು ಮೂರು ದಿನ.
ಸ್ಟೋವಿನ ಪಕ್ಕ, ಉಪ್ಪಿನ ಡಬ್ಬಿಗೆ ಒರಗಿ
ಇನ್ನೂ ಪೊಟ್ಟಣದಲ್ಲೇ ಕೂತಿದೆ
ಯಾರೂ ಮಾತಾಡಿಸದ ನೆಂಟನ ಹಾಗೆ.

ಲಸಿಕೆ ರಿಜಿಸ್ಟರಿನ ಹಿಂಬದಿಯಲ್ಲಿ ಲೆಕ್ಕ ಹಾಕಿದ್ದೇನೆ:
ಸತ್ತಾರ್ ಸಾಬರ ಕೂಲಿ ಮುನ್ನೂರು.
ಹತ್ತೊಂಬತ್ತರ ಸ್ಪ್ಯಾನರು, ಕಟಿಂಗ್ ಪ್ಲೇಯರು, ಗ್ರೀಸು
ಎಲ್ಲ ಸೇರಿ ಆರುನೂರ ನಲವತ್ತು.
ನಾನೇ ಮಾಡಿದರೆ ಮೂರನೇ ಚೈನಿಗೆ ಅಸಲು ಹುಟ್ಟುತ್ತದೆ.
ಅಷ್ಟರಲ್ಲಿ ನನಗೆ ಐವತ್ತು, ಬೈಕಿಗೆ ಇಪ್ಪತ್ತು.

ಕೈ ಕೊಳೆಯಾದೀತು ಅನ್ನಬೇಡಿ.
ಹಸುವಿನೊಳಗೆ ಭುಜದ ತನಕ ಕೈ ಇಳಿಸಿ
ಗೋಡೆ ನೋಡುತ್ತಾ ಗರ್ಭದ ಕೊರಳು ಹುಡುಕುವವಳು ನಾನು.
ಗ್ರೀಸು ಬೆಚ್ಚಗಿರುವುದಿಲ್ಲ, ಅಷ್ಟೇ.
ಕಬ್ಬಿಣ ಒದೆಯುವುದೂ ಇಲ್ಲ.

ನಿಜ ಹೇಳಬೇಕೆಂದರೆ
ಮುನ್ನೂರರ ಮಾತೇ ಅಲ್ಲ ಇದು.

ಹೋದ ಸಲ ಅವರು ಲಾಕು ಹಾಕಿದ್ದು ತಿರುವುಮುರುವು.
ಮುಚ್ಚಿದ ತುದಿ ಚೈನು ಓಡುವ ಕಡೆಗಿರಬೇಕು,
ತೆರೆದ ಬಾಯಿ ಹಿಂದಕ್ಕೆ.
ಹದಿನಾಲ್ಕು ವರ್ಷದ ಹಿಂದೆ ಅವರೇ ಕಲಿಸಿದ್ದು,
'ಬಾಯಿ ಮುಂದಕ್ಕಿಟ್ಟರೆ
ಗಾಳಿಯನ್ನೂ ಕಚ್ಚುತ್ತೆ ಡಾಕ್ಟ್ರಮ್ಮ' ಅಂತ.
ನಾನು ಡಾಕ್ಟರಲ್ಲ. ತಿದ್ದಿಯೂ ಇಲ್ಲ.

ದುದ್ದ ದಾಟಿ ಎರಡು ಮೈಲಿಗೆ ಲಾಕು ಹಾರಿತು,
ಚೈನು ರಸ್ತೆಗೆ ಬಿದ್ದು
ಹಾವಿನಂತೆ ಹಿಂದೆ ಉಳಿಯಿತು.
ದ್ಯಾವಮ್ಮನ ಹಸು ಬೆದೆಗೆ ಬಂದಿತ್ತು.
ನೈಟ್ರೋಜನ್ ಕ್ಯಾನು ತಬ್ಬಿಕೊಂಡು
ಟೊಮೆಟೊ ಗಾಡಿ ಹತ್ತಿ ಹೋಗುವಷ್ಟರಲ್ಲಿ
ಹೊತ್ತು ಮೀರಿತ್ತು. ಇಪ್ಪತ್ತೊಂದು ದಿನ ಕಾಯಿರಿ ಅಂದೆ.
ದ್ಯಾವಮ್ಮ ನನ್ನನ್ನೇನೂ ಅನ್ನಲಿಲ್ಲ. ಹಸುವಿಗೆ ಬೈದಳು.

ಈಗ ಹೇಳಿ:
ಮಾರ್ಕೆಟ್ ಹಿಂದಿನ ಆ ಅಂಗಡಿಗೆ ಹೋಗಿ
ನೀವು ಹಾಕಿದ್ದು ತಪ್ಪು ಅನ್ನಲೇ?
ಪಕ್ಕದ ಶೆಡ್ಡಿನ ಹುಡುಗನ ಹತ್ತಿರ ಹೋದರೆ
ಅವರಿಗೆ ಕಾಣುತ್ತದೆ.
ಅಷ್ಟು ಮಾತ್ರ ಇನ್ನೂ ಚೆನ್ನಾಗಿ ಕಾಣುತ್ತದೆ.

ಭಾನುವಾರ. ಅಂಗಳದಲ್ಲಿ ಗೋಣಿ ಹಾಸಿ ಕೂತೆ.
ಚೈನ್ ಕವರು ಬಿಚ್ಚಿದೆ. ಬ್ರೇಕಿನ ಸರಳು ಬಿಚ್ಚಿದೆ.
ಆಕ್ಸಲ್ ನಟ್ಟು ಮಾತ್ರ ಜಪ್ಪಯ್ಯ ಅಂದರೂ ಅಲುಗದು.
ಸೀಮೆಎಣ್ಣೆ ಸುರಿದೆ, ಸ್ಪ್ಯಾನರಿನ ಮೇಲೆ ನಿಂತೆ,
ಎದುರು ಮನೆ ಮೇಷ್ಟ್ರು ಗೇಟಿಗೆ ಬಂದು
ನೋಡಿಕೊಂಡು ಒಳಗೆ ಹೋದರು.

ಕೊನೆಗೆ ನಡೆದೇ ಹೋದೆ.
ಸಾಬರು ನನ್ನ ಕೈ ನೋಡಿದರು,
ಮೊಣಕೈ ತನಕ ಕಪ್ಪು.
ಏನೂ ಕೇಳಲಿಲ್ಲ. ಮೂಲೆಯಿಂದ
ಮೂರಡಿ ಪೈಪು ಎಳೆದು ಕೊಟ್ಟರು,
'ಸ್ಪ್ಯಾನರಿಗೆ ತೊಡಿಸಿ ಒತ್ತು, ಎಗರಬೇಡ.'

ಹತ್ತು ಹೆಜ್ಜೆ ಬಂದಿದ್ದೆ. ಹಿಂದಿನಿಂದ ಕೂಗು:
'ಲಾಕಿನ ಬಾಯಿ ಯಾವ ಕಡೆ?'

ತಿರುಗಿದೆ. ಕನ್ನಡಕ ಹಣೆಯ ಮೇಲಿತ್ತು,
ನನ್ನತ್ತ ನೋಡುತ್ತಿದ್ದರು, ಸ್ವಲ್ಪ ಪಕ್ಕಕ್ಕೆ,
ನಾನಿಲ್ಲದ ಕಡೆಗೆ.

'ಹಿಂದಕ್ಕೆ' ಅಂದೆ.

'ಹ್ಞಾ' ಅಂದರು.
ಆಮೇಲೆ ಇನ್ನೊಂದು ಸಲ, ತಮಗೆ ತಾವೇ.

ಪೈಪು ಹೆಗಲ ಮೇಲೆ.
ಸಂಜೆ ವಾಪಸು ಕೊಡಬೇಕು,
ಬೈಕಿನಲ್ಲೋ, ನಡೆದೋ.