ಖಾಲಿ ಗೇಣು

ಶಹಾಬಾದದ ಫರ್ಸಿ ಮ್ಯಾಲ
‘ಸನ್ಮಾನ್ಯ ಮುಖ್ಯಮಂತ್ರಿಗಳಾದ’ ಅಂತ ಕೆತ್ತಿ
ಒಂದು ಗೇಣು ಬಿಟ್ಟು
‘ಇವರ ಅಮೃತಹಸ್ತದಿಂದ’ ಅಂತ ಮುಗಿಸೀನಿ.
ಉಳಿಗೆ ಎಂಟು ದಿನದಿಂದ ಸೂಟಿ.

ಗುತ್ತಿಗೆದಾರ ಚನ್ನವೀರ ದಿನಾ ಫೋನ್ ಹಚ್ಚತಾನ:
‘ತಡಿ ಮಹಾಂತಪ್ಪ, ದಿಲ್ಲಿಯಿಂದ ಇನ್ನಾ ಬಂದಿಲ್ಲ.’

ಚಹಾದಂಗಡಿ ಖಾಜಾಮಿಯಾ ಬಗ್ಗಿ ಬಗ್ಗಿ ನೋಡತಾನ,
ಗೊತ್ತಿದ್ದೂ ಹೇಳವಲ್ಲ ಅಂತ ಅಂವನ ಗುಮಾನಿ.
ನನಗ ಗೊತ್ತಿರೋದು ಇಷ್ಟ:
ಒಬ್ಬಂದು ನಾಕಕ್ಷರ, ಒತ್ತಿಲ್ಲ, ಅರ್ಧ ದಿನದ ಕೆಲಸ.
ಇನ್ನೊಬ್ಬಂದು ಒಂಬತ್ತು, ಮುಂದ ‘ಡಾಕ್ಟರ್’ ಬ್ಯಾರೆ,
ಗೇಣಿನ್ಯಾಗ ಹಿಡಿಯಾಂಗಿಲ್ಲ.
ಕಲ್ಲಿನ ಲೆಕ್ಕದಾಗ ಮೊದಲಿನಂವನ ಆಗಬೇಕು.
‘ಹಂಗ್ಯಾಕ, ಯಾರೂ ಹೆಸರು ಎತ್ತದಂವ ಒಬ್ಬ ಇರತಾನಲ್ಲ’
ಅಂತಾನ ಖಾಜಾಮಿಯಾ, ಕಪ್ಪು ಬಸಿ ತೊಳಕೋತ.

ನಿನ್ನೆ ಇಬ್ಬರು ಹುಡುಗರು ನೂರು ರೂಪಾಯಿ ಪಂದ್ಯ ಕಟ್ಟಿ
ಖಾಲಿ ಜಾಗಾ ಬೊಟ್ಟಿನಿಂದ ಅಳದು ಹೋದ್ರು.

ಬಚ್ಚಲಾಗ ಕಾಶಮ್ಮ ಅರಿವಿ ಒಗಿಯೋ ಕಲ್ಲು
ಮಗಚಿದ್ರ ಅದಕ್ಕೂ ಒಂದು ಹೆಸರದ.
ಹದಿಮೂರು ಅಕ್ಷರ, ಮೂರು ದಿನ ಬಡದೀನಿ.
ಪರದೆ ಸರಿಸೋ ಹಿಂದಿನ ರಾತ್ರಿ ಕುರ್ಚಿ ಹೋಯ್ತು,
ಬಿಲ್ಲು ಇನ್ನಾ ಬರಬೇಕು.

ನಸುಕಿನ್ಯಾಗ ಆಕಿ ಹೊಸ ಫರ್ಸಿ ಮ್ಯಾಲ ಅಂಗೈ ಆಡಿಸಿ
‘ಇದು ಅಗಲ ಅದ’ ಅಂದಳು,
‘ಕೌದಿ ಒಗಿಲಾಕ ಬರತದ.’