ಆರು ಮೊಳ

ಏಳಕ್ಕೆ ಅಂದಿದ್ದು. ಹೊರಟಿದ್ದು ಹತ್ತೂ ಇಪ್ಪತ್ತಕ್ಕೆ.
ಮೈದುನ ತೀರ್ಥೇಶನ ಓಮ್ನಿ ಎಂದಿನ ಹಾಗೆ
ಎಲ್ಲರೂ ಇಳಿದು ತಳ್ಳಿದ ಮೇಲೇ ಕೆಮ್ಮಿದ್ದು.
ನ್ಯೂ ಮಂಡ್ಲಿ ದಾಟಿದಾಗ ನೆನಪಾಯಿತು,
ಚಿತ್ರಾನ್ನದ ಡಬ್ಬಿ ಅಡುಗೆಕಟ್ಟೆಯ ಮೇಲೇ ಇದೆ.
ವಾಪಸು. ಬೀಗ. ಡಬ್ಬಿ. ಮತ್ತೆ ಬೀಗ.
ಹೇಗೂ ಬಂದಿದೀವಲ್ಲ ಅಂತ ಕೃತಿಕಾ
ಇನ್ನೊಂದು ಸಲ ಬಚ್ಚಲಿಗೆ.

ಇರೋದು ಹದಿನಾಲ್ಕು ಕಿಲೋಮೀಟರು.
ಎಲ್ಲೆಲ್ಲಿಂದಲೋ ಜನ ಬಂದು ನೋಡುವ ಆನೆ
ನಮಗೆ ಮಾತ್ರ ಮುಂದಿನ ಭಾನುವಾರ,
ಅದರ ಮುಂದಿನ ಭಾನುವಾರ.
ಹತ್ತಿರ ಇರೋದು ಎಲ್ಲಿಗೆ ಹೋಗುತ್ತೆ ಬಿಡು, ಅನ್ನುತ್ತಲೇ
ಅತ್ತೆ ಹಾಲಮ್ಮ ನಲವತ್ತು ವರ್ಷ ಕೂತರು
ಗಾಂಧಿ ಬಜಾರಿನ ಮೂಲೆಯಲ್ಲಿ, ಹೂವಿನ ಬುಟ್ಟಿಯ ಹಿಂದೆ.

ಇವತ್ತೂ ಬುಟ್ಟಿ ಬಿಟ್ಟು ಬಂದವರಲ್ಲ.
ನಿನ್ನೆ ಉಳಿದ ಕಾಕಡ, ಒಂದು ಉಂಡೆ ಬಾಳೆನಾರು,
ತೊಡೆಯ ಮೇಲೆ ಒದ್ದೆ ಟವೆಲು.
ಕಿಟಕಿಯಾಚೆ ಗಾಜನೂರಿನ ನೀರು
ಬೆಳ್ಳಗೆ ಬಿಚ್ಚಿಕೊಳ್ಳುತ್ತಾ ಹೋದರೂ
ಎರಡು ಮೊಗ್ಗು ಅತ್ತ, ಎರಡು ಇತ್ತ, ಒಂದು ಗಂಟು.
"ನೋಡ್ರೀ ಅತ್ತೆ" ಅಂದರೆ
"ನೋಡ್ತಾನೇ ಇದೀನಲ್ಲ" ಅನ್ನುತ್ತಾರೆ, ಬೆರಳು ನೋಡುತ್ತಾ.

ಸಕ್ರೆಬೈಲು.
ಗೇಟಿನ ಹುಡುಗ ಗಡಿಯಾರ ತೋರಿಸಿದ.
ಸ್ನಾನ ಆಗಿ, ಮುದ್ದೆ ತಿಂದು,
ಆನೆಗಳೆಲ್ಲ ಕಾಡಿಗೆ ಹೋಗಿ ಅರ್ಧ ಗಂಟೆಯಂತೆ.
ತೀರ್ಥೇಶ ಓಮ್ನಿಯನ್ನು ಬೈದ.
ಇವರು ನನ್ನನ್ನು ನೋಡಿದರು.
ನಾನು ಡಬ್ಬಿಯನ್ನು ನೋಡಿದೆ.
ಕೃತಿಕಾಳ ಕೆಳತುಟಿ ಮೆಲ್ಲಗೆ ಮುಂದೆ ಬಂತು.

ಹಿನ್ನೀರಿನಂಚಿನ ಕೆಸರಲ್ಲಿ ಹೆಜ್ಜೆಗಳಿದ್ದವು,
ಕಲಸಿಟ್ಟ ಹಿಟ್ಟಿನ ಮೇಲೆ ತಟ್ಟೆ ಒತ್ತಿ ತೆಗೆದ ಹಾಗೆ.
ಒಂದರಲ್ಲಿ ಆಗಲೇ ನೀರು ನಿಂತು
ಗೊದಮೊಟ್ಟೆಯೊಂದು ಮನೆ ಹುಡುಕುತ್ತಿತ್ತು.
ಅತ್ತೆ ಚಪ್ಪಲಿ ಬಿಟ್ಟು ಇಳಿದರು.
ಸೆರಗು ಸಿಕ್ಕಿಸಿ ಕೂತು
ಮೊಳಕೈ ಊರಿ ಬೆರಳು ಚಾಚಿದರು,
ಎದುರಿಗೆ ಗಿರಾಕಿ ನಿಂತಿದ್ದಾರೇನೋ ಎಂಬಂತೆ.
"ಅಡ್ಡಕ್ಕೆ ಮೊಳ. ಚೂರು ಕಮ್ಮಿ."

ಹುಲ್ಲು ಹೊತ್ತು ಹೋಗುತ್ತಿದ್ದ ಕಾವಾಡಿ ನಿಂತ.
"ರಂಗನಾಯಕೀದು ಅಜ್ಜಿ, ಮುಂಗಾಲು.
ಸುತ್ತಳತೆ ಹಿಡೀರಿ. ಅದರ ಎರಡರಷ್ಟು
ಅವಳ ಎತ್ತರ."

ಮಡಿಲಿಂದ ಮಾಲೆ ಹೊರಬಂತು.
ಹೆಜ್ಜೆಯ ಅಂಚಿಗೆ ಮೆತ್ತಗೆ ಇಳಿಬಿಟ್ಟರು, ಒಂದೇ ಸುತ್ತು,
ಕೂಡಿದ ಜಾಗ ಚಿವುಟಿ ಹಿಡಿದು ಎತ್ತಿ
ಕೈಗೆ ಅಳೆದರು: ಒಂದು, ಎರಡು, ಮೂರು.
ಹಬ್ಬದ ಹಿಂದಿನ ದಿನ ಅವರ ಮೊಳ
ಎಷ್ಟು ಗಿಡ್ಡವಾಗುತ್ತದೆಂದು ಬಲ್ಲವಳು ನಾನು.
ಇಲ್ಲಿ ಒಂದು ಮೊಗ್ಗಿನ ಮೋಸವಿಲ್ಲ.
"ಆರು ಮೊಳ" ಅಂದರು.

ಆಮೇಲೆ ನಡೆದದ್ದು ಇಷ್ಟೇ.
ಒಬ್ಬೊಬ್ಬರಾಗಿ ನಾವು ತಲೆಯೆತ್ತಿದೆವು,
ಹೆಜ್ಜೆಯಿಂದ ಮೇಲಕ್ಕೆ, ಗಾಳಿಯಲ್ಲಿ,
ಅಲ್ಲೊಂದು ಮತ್ತಿಕೊಂಬೆ ಅಲ್ಲಾಡುತ್ತಿದ್ದಲ್ಲಿಯವರೆಗೆ.
ಯಾರೂ ಮಾತಾಡಲಿಲ್ಲ.
ಕೃತಿಕಾ ಎರಡು ಹೆಜ್ಜೆ ಹಿಂದೆ ಸರಿದಳು,
ದಾರಿ ಬಿಡುವವಳ ಹಾಗೆ.

ಚಿತ್ರಾನ್ನ ತಣ್ಣಗಾಗಿತ್ತು, ಉಪ್ಪು ಮುಂದಾಗಿತ್ತು.
ತೀರ್ಥೇಶ ಓಮ್ನಿಯ ನೆರಳಲ್ಲೇ ಗೊರಕೆ ಹೊಡೆದ.
ಇವರು ಖಾರ ಹಚ್ಚಿದ ಸೌತೆಕಾಯಿ ತಂದು
ಅರ್ಧ ನನ್ನ ಕಡೆ ಚಾಚಿದರು. ಅದೇ ರಾಜಿ.
ಕೆಸರು ತೊಳೆದ ಮಾಲೆ ಕೃತಿಕಾಳ ಜಡೆಯಲ್ಲಿ
ಒಣಗುತ್ತಾ ಮನೆಗೆ ಬಂತು.

ಸೋಮವಾರ ಬಜಾರಿನಲ್ಲಿ ಟೀಚರಮ್ಮ ಕೇಳಿದರಂತೆ,
"ನಿನ್ನೆ ಎಲ್ಲಿ ಹಾಲಮ್ಮ, ಬುಟ್ಟಿ ಕಾಣಲಿಲ್ಲ?"
"ಆನೆ ನೋಡಕ್ಕೆ."
"ಸಿಕ್ತಾ?"
ಅತ್ತೆ ಉಂಡೆಯಿಂದ ಮಾಲೆ ಎಳೆದರಂತೆ.
"ಆರು ಮೊಳ ಇತ್ತು.
ನಿಮಗೆಷ್ಟು ಕೊಡ್ಲಿ?"