ಮೇಲೇರಿದ ನಂಬರು

ರಿಂಕಿನ ಮೇಲಿನ ಕೋಣೆಯಲ್ಲಿ ನಾವು ಐದು ಜನ.
ಕೆಳಗೆ ಮಂಜುಗಡ್ಡೆ ನಯಮಾಡುವ ಯಂತ್ರ
ಮುದಿ ಹಸುವಿನ ಹಾಗೆ ಸುತ್ತು ಹಾಕುತ್ತಿದೆ.
ಹೊರಗೆ ಮೈನಸ್ ಮೂವತ್ತೊಂದು.
ಒಂದೇ ಒಂದು ಪತಾಕೆಗಾಗುವಷ್ಟು ದುಡ್ಡಿದೆ,
ಯಾರ ನಂಬರು ಮೇಲೇರಬೇಕು ಹೇಳಿ, ಅಂದರು ಪಿಕರ್ಸ್‌ಗಿಲ್,
ಸಾಲ ಕೇಳಿ ಬಂದವರನ್ನು ನೋಡುವ ಅದೇ ಬ್ಯಾಂಕಿನ ಕಣ್ಣಿಂದ.

ಮೇಲೇರಿದ ನಂಬರನ್ನು ಇನ್ನು ಯಾರೂ ತೊಡುವ ಹಾಗಿಲ್ಲ.
ನಿವೃತ್ತಿ ಅನ್ನುತ್ತಾರೆ ಇದಕ್ಕೆ.
ನಂಬರು ಯಾವತ್ತು ದಣಿದಿತ್ತೋ ನಾ ಕಾಣೆ.
ದಣಿದದ್ದು ಮೊಣಕಾಲು.

ನಾನು ಐಲಿ ರೌಟಿಯೊ. ಮೂವತ್ತೆಂಟು ಚಳಿಗಾಲ
ಈ ಕೆಟಲ್ ನ್ಯಾರೋಸ್ ಊರಿನ ತಂಡದ ಅಂಗಿ ಒಗೆದವಳು, ಹೊಲಿದವಳು.
ಅದಕ್ಕೇ ನನಗೂ ಒಂದು ವೋಟು, ಒಂದು ಕುರ್ಚಿ.
ಕುರ್ಚಿಯ ಒಂದು ಕಾಲು ಗಿಡ್ಡ.

ಪಟ್ಟಿ ಓದಿದರು.
ಒಂಬತ್ತು: ಓಸ್ಟಾಪ್ ಹ್ರಿಂಚುಕ್. ನಾನೂರ ಹನ್ನೆರಡು ಗೋಲು.
ದೊಡ್ಡ ಲೀಗಿಗೆ ಹೋಗಿ ಆರು ಪಂದ್ಯ ಆಡಿ ಬಂದವನು;
ಆ ಆರನ್ನು ಊರು ಅರವತ್ತು ಮಾಡಿಕೊಂಡಿದೆ.
ಇಪ್ಪತ್ನಾಲ್ಕು: ಡೆಲ್ಫಿಸ್ ಗೋದ್ರೊ. ಹೊಡೆದಾಟಕ್ಕೆಂದೇ ಇದ್ದವನು.
ಅವನ ಅಂಗಿಯ ರಕ್ತಕ್ಕೆ ತಣ್ಣೀರು, ಉಪ್ಪು, ಒಂದು ರಾತ್ರಿ.
ಬಿಸಿನೀರು ಸೋಕಿದರೆ ಕಲೆ ಕೂತೇಬಿಡುತ್ತದೆ.
ಅರ್ಧ ರಕ್ತ ಅವನದ್ದಲ್ಲ.
ಭಾನುವಾರ ಚರ್ಚಿನಲ್ಲಿ ಅವನಷ್ಟು ಮೆತ್ತಗೆ ಹಾಡುವವರಿರಲಿಲ್ಲ.
ಮೂವತ್ತೊಂದು: ಗೋಲ್‌ಕೀಪರ್ ಮೋಸಸ್ ವಾಬೂಸ್.
ಹದಿನಾಲ್ಕು ವರ್ಷ ಬಲೆಯ ಮುಂದೆ ನಿಂತವನು.
ಬಿಟ್ಟುಕೊಟ್ಟದ್ದಕ್ಕೆಲ್ಲ ಪುಸ್ತಕದಲ್ಲಿ ಲೆಕ್ಕವಿದೆ,
ತಡೆದದ್ದನ್ನು ಆ ಕಾಲದಲ್ಲಿ ಯಾರೂ ಬರೆದಿಡಲಿಲ್ಲ.
ಬಸ್ಸು ನಿಲ್ಲಿಸಿದ ಕೆಲವು ಊರಿನ ಹೋಟೆಲುಗಳಲ್ಲಿ
ಅವನೊಬ್ಬನಿಗೆ ಊಟ ಹೊರಗೆ ತಂದುಕೊಡಬೇಕಾಗುತ್ತಿತ್ತು.
ಅದನ್ನೂ ಬರೆದಿಡಲಿಲ್ಲ.

ನಾನು ಕೈ ಎತ್ತಿದ್ದು ಮೂವತ್ತೊಂದಕ್ಕೆ.
ಒಂದು ಕೈ. ನನ್ನದೇ.
ಗೆದ್ದೆತ್ತಿನ ಬಾಲಕ್ಕೆ ನಾಲ್ಕು ಕೈ.
ಪಿಕರ್ಸ್‌ಗಿಲ್ ಕಾಫಿ ಮುಗಿಸಿ, ಹಾಗಾದರೆ ಐಲಿ,
ಹಳೇ ಅಂಗಿಯಿಂದ ಆ ಒಂಬತ್ತು ಬಿಚ್ಚಿ
ಪತಾಕೆಗೆ ಹೊಲಿದುಕೊಡ್ತೀಯಲ್ಲ, ಅಂದರು.
ಹೊಲಿಯದೆ ಏನು.

ರಾತ್ರಿ ಅಡುಗೆಮನೆಯ ದೀಪದಡಿ
ಬ್ಲೇಡಿನ ತುದಿಯಿಂದ ಒಂದೊಂದೇ ಹೊಲಿಗೆ ಬಿಚ್ಚಿದೆ.
ಬಿಳಿ ಫೆಲ್ಟಿನ ಅಂಚಿಗೆ, ದಾರದ ಪಕ್ಕದಲ್ಲೇ,
ಇನ್ನೊಂದು ಸಾಲು ತೂತು. ಹಳೆಯದು, ಖಾಲಿ.
ತಟ್ಟನೆ ನೆನಪಾಯಿತು.
ಮರದ ಮಿಲ್ಲು ಮುಚ್ಚಿದ ವರ್ಷ ಫೆಲ್ಟಿಗೂ ಕಾಸಿರಲಿಲ್ಲ.
ಆರ್ವೋ ನಿಸ್ಕಾನೆನ್ ಬಿಟ್ಟುಹೋದ ಅಂಗಿಯ ಆರನ್ನು ಕಿತ್ತು
ತಲೆಕೆಳಗು ಮಾಡಿ ಹೊಲಿದಿದ್ದೆ,
ಹೊಸ ಹುಡುಗ ಹ್ರಿಂಚುಕ್‌ಗೆ ಒಂಬತ್ತು.

ಆರ್ವೋ ಅಂದರೆ ಇವತ್ತು ಯಾರಿಗೂ ಗೊತ್ತಿಲ್ಲ.
ಎರಡು ಚಳಿಗಾಲ ಬೆಂಚಿನ ಮೇಲೆ ಕೂತೇ ಕಳೆದವನು.
ಬಾಗಿಲು ತೆಗೆಯುವುದು, ನೀರು ಕೊಡುವುದು, ಮುರಿದ ಕೋಲು ಆಯುವುದು.
ಆಟಕ್ಕಿಳಿದದ್ದು ಮೂರು ಸಲ; ಒಮ್ಮೆ ಬಿದ್ದ.
ಆಮೇಲೆ ನಿಕಲ್ ಗಣಿಗೆ ಹೋದ, ಕಾಗದ ಬರೀತೀನಿ ಅಂದಿದ್ದ.

ಬರೆಯಲಿಲ್ಲ. ಅದು ಬೇರೆ ವಿಷಯ.

ಈಗ ತೊಲೆಯ ಕೆಳಗೆ ಅದು ತೂಗುತ್ತಿದೆ.
ಏರಿಸಿದ ದಿನ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.
ಹ್ರಿಂಚುಕ್ ಅತ್ತ, ನಿಜವಾಗಿಯೂ ಅತ್ತ, ಪಾಪ, ಒಳ್ಳೆಯವನೇ.
ನಾನು ಕತ್ತು ಓರೆ ಮಾಡಿ ನೋಡಿದೆ.
ಮೋಸಸ್ ಒಬ್ಬನಿಗೆ ಹೇಳಿದೆ, ಕಿವಿಯಲ್ಲಿ;
ಅವನು ನಕ್ಕ ಸದ್ದಿಗೆ ಮುಂದಿನ ಸಾಲು ತಿರುಗಿ ನೋಡಿತು.

ಶನಿವಾರ ಬೆಳಿಗ್ಗೆ ಚಿಕ್ಕ ಮಕ್ಕಳ ತಂಡ.
ಹಲ್ಲು ಬಿದ್ದ ಹುಡುಗಿ, ಎಂಟು ವರ್ಷ ಇದ್ದೀತು,
ಒಂಬತ್ತು ಬೇಕು, ಅಂದಳು.
ಇಲ್ಲ ಮಗಾ, ಅದು ಮೇಲಿದೆ.
ಮತ್ತೆ ಯಾವುದಿದೆ?
ಪೆಟ್ಟಿಗೆಯೊಳಗೆ ಬಗ್ಗಿ ಹುಡುಕಿ ಆರು ಕೊಟ್ಟೆ.
ಮುಖ ಸಣ್ಣದು ಮಾಡಿಕೊಂಡು ತೊಟ್ಟಳು, ತೋಳಿಗೆ ಎರಡು ಮಡಿಕೆ.
ಮೊದಲ ಸುತ್ತಿನಲ್ಲೇ ಜಾರಿ, ಮಗುಚಿ,
ಕಾಲು ಮೇಲೆ, ತಲೆ ಕೆಳಗೆ.

ಗಾಜಿನಾಚೆಯಿಂದ ಕೂಗಿದೆ: ಏಳು, ಏಳು.
ಅದೂ ಒಂದು ನಂಬರೇ.